ಗದ್ದೆಯಲ್ಲಿ ಮಿಷನ್ ನಿಂತರೂ ಬಡ್ಡಿ ನಿಲ್ಲುವುದಿಲ್ಲ



ಭತ್ತ ಕೊಯ್ಯುವ ಮಿಷನ್ ನಡುಗದ್ದೆಯಲ್ಲಿ ಚೈನು ಕಳಚಿ ಕೂತಾಗ ನೀವು ಮೊದಲು ಯಾರಿಗೆ ಫೋನು ಮಾಡುತ್ತೀರಿ? ಮಿಷನ್ ಮಾರಿದ ಕಂಪನಿಗೋ? ಸಾಲ ಕೊಟ್ಟ ಬ್ಯಾಂಕಿಗೋ? ಸಹಾಯಧನ ಕೊಟ್ಟೆವೆಂದು ವೇದಿಕೆ ಮೇಲೆ ಕೀಲಿಕೈ ಹಂಚಿ ಫೋಟೋ ಹೊಡೆಸಿಕೊಂಡ ಜನಪ್ರತಿನಿಧಿಗೋ? ಯಾರಿಗೂ ಅಲ್ಲ. ಹೊಳೆಹೊನ್ನೂರಿನಲ್ಲೋ, ಭದ್ರಾವತಿ ಹಳೇನಗರದಲ್ಲೋ, ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲೋ ಇರುವ ಒಬ್ಬ ಗ್ಯಾಸ್ ಕಟಿಂಗ್‌ನವನಿಗೆ ಮಾಡುತ್ತೀರಿ. ಅವನು ಲಗೇಜ್ ಆಟೋದಲ್ಲಿ ಎರಡು ಸಿಲಿಂಡರು, ಒಂದು ಸುರುಳಿ ಪೈಪು, ಒಂದು ಟಾರ್ಚು, ಎರಡು ಸುತ್ತಿಗೆ ಹಾಕಿಕೊಂಡು ಬರುತ್ತಾನೆ. ಬದುವಿನ ತನಕ ಆಟೋ ಬರುತ್ತದೆ. ಅಲ್ಲಿಂದ ಸಿಲಿಂಡರನ್ನು ನಾವು ನಾಲ್ಕು ಜನ ಹೆಗಲು ಕೊಟ್ಟು ಕೆಸರಿನಲ್ಲಿ ಹೊರುತ್ತೇವೆ. ಎರಡು ಗಂಟೆಯೊಳಗೆ ಮಿಷನ್ ಎದ್ದು ಓಡುತ್ತದೆ.

ಆ ಎರಡು ಗಂಟೆಯ ಕೆಲಸದ ಬಗ್ಗೆ ಈ ಲೇಖನ. ಅದನ್ನು ಮಾಡುವ ಹಕ್ಕನ್ನು ನಮ್ಮ ಕೈಯಿಂದ ಕಿತ್ತುಕೊಳ್ಳುವ ಸಂಚು ಸದ್ದಿಲ್ಲದೆ ನಡೆಯುತ್ತಿದೆ. ಬೆಲೆ ಕೇಳಿದೆವು, ಸಾಲ ಮನ್ನಾ ಕೇಳಿದೆವು, ವಿದ್ಯುತ್ತು ಕೇಳಿದೆವು. ಕೊಂಡ ಮಿಷನ್ನನ್ನು ನಾವೇ ಬಿಚ್ಚಿ ನಾವೇ ಕಟ್ಟುವ ಹಕ್ಕನ್ನು ಯಾರೂ ಕೇಳಲಿಲ್ಲ. ಅದು ನಮ್ಮದೇ ತಾನೇ ಅಂತ ಸುಮ್ಮನಿದ್ದೆವು.

ಭದ್ರಾ ಅಚ್ಚುಕಟ್ಟಿನ ರೈತರಿಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆ ಭತ್ತ ಕೊಯ್ಲಿಗೆ ಬರುವುದು ಏಪ್ರಿಲ್ ಕೊನೆ, ಮೇ ತಿಂಗಳು. ನೆತ್ತಿಯ ಮೇಲೆ ಭರಣಿ ಮಳೆ ಕಾಯುತ್ತಿರುತ್ತದೆ. ಮಳೆಗಾಲದ ಭತ್ತ ಕೊಯ್ಲಿಗೆ ಬರುವ ನವೆಂಬರ್, ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಕಾಯುತ್ತಿರುತ್ತದೆ. ಬಲಿತ ಪೈರು ಒಂದು ಮಳೆಗೆ ಮಲಗುತ್ತದೆ, ಎರಡನೇ ಮಳೆಗೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ನಾಲೆ ಬಯಲಿನ ಗದ್ದೆ ಒಣಗುವುದಿಲ್ಲ, ಆದ್ದರಿಂದ ಚೈನ್ ಮಿಷನ್ನೇ ಬೇಕು. ಒಂದೇ ವಾರದಲ್ಲಿ ಎಲ್ಲರ ಗದ್ದೆಯೂ ಹಣ್ಣಾಗುತ್ತದೆ, ಒಂದೇ ವಾರ ಎಲ್ಲರಿಗೂ ಮಿಷನ್ ಬೇಕು. ಮಿಷನ್ ಮುರಿಯುವುದೂ ಆ ವಾರವೇ. ವರ್ಷವಿಡೀ ಶೆಡ್ಡಿನಲ್ಲಿ ನಿಂತ ಮಿಷನ್ ಮುರಿದದ್ದನ್ನು ಯಾರಾದರೂ ಕಂಡಿದ್ದೀರಾ?

ಆಗ ಕಂಪನಿ ಏನು ಹೇಳುತ್ತದೆ? "ಕಂಪ್ಲೇಂಟ್ ನಂಬರು ಬರೆದುಕೊಳ್ಳಿ." "ಮೆಕ್ಯಾನಿಕ್ ಬೇರೆ ಲೈನಿನಲ್ಲಿದ್ದಾನೆ." "ಪಾರ್ಟು ಡಿಪೋದಿಂದ ಬರಬೇಕು." "ಬರೀ ಪಿನ್ನು ಬರಲ್ಲ ಸಾರ್, ಅಸೆಂಬ್ಲಿ ಪೂರಾ ತಗೋಬೇಕು." ನಮ್ಮ ಪಕ್ಕದ ಗದ್ದೆಗೆ ಬಂದಿದ್ದ ಮಿಷನ್ನಿಗೆ ಹೀಗೇ ಆಯಿತು. ಕಂಪನಿಯ ಹೆಸರು ಇಲ್ಲಿ ಬೇಡ, ಹೆಸರು ಬದಲಾದರೂ ಮಾತು ಬದಲಾಗುವುದಿಲ್ಲ. ಮುರಿದದ್ದು ಹೆಬ್ಬೆರಳು ದಪ್ಪದ ಒಂದು ಪಿನ್ನು. ಕೊಳ್ಳಿ ಎಂದದ್ದು ಆ ಪಿನ್ನು ಕೂರುವ ಇಡೀ ಜೋಡಣೆ. ಆರು ದಿನ ಆಗುತ್ತದೆ ಎಂದರು. ಗ್ಯಾಸಿನವನು ಬಂದು ಮುರಿದ ಪಿನ್ನನ್ನು ಕತ್ತರಿಸಿ ತೆಗೆದ. ಭದ್ರಾವತಿಯ ಲೇತಿನಲ್ಲಿ ಹೊಸದು ತಿರುವಿಸಿ ತಂದೆವು. ಅದೇ ದಿನ ಸಂಜೆ ಮಿಷನ್ ಲೈಟು ಹಾಕಿಕೊಂಡು ಕೊಯ್ಯುತ್ತಿತ್ತು.

ಆ ಕೆಲಸ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಗೊತ್ತಿಲ್ಲದ್ದರಿಂದಲೇ ಕಂಪನಿಯವರು ನಮ್ಮನ್ನು ಹೆದರಿಸುತ್ತಾರೆ, ನಾವೂ ಗ್ಯಾಸಿನವನ ಬೆಲೆ ಅರಿಯದೆ ಹೋಗುತ್ತೇವೆ.

ಟಾರ್ಚಿನ ಉರಿ ಕಬ್ಬಿಣವನ್ನು ಕರಗಿಸಿ ಕತ್ತರಿಸುತ್ತದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಸಿಟಿಲೀನ್ ಅಂದರೆ ಕಾರ್ಬೈಡಿಗೆ ನೀರು ಹಾಕಿದರೆ ಏಳುವ ಗ್ಯಾಸು. (ಮಾವಿನಹಣ್ಣಿಗೆ ಕಳ್ಳತನದಿಂದ ಇಡುತ್ತಾರಲ್ಲ, ಅದೇ ಕಾರ್ಬೈಡು.) ಅದನ್ನು ಆಕ್ಸಿಜನ್ ಜೊತೆ ಸೇರಿಸಿ ಉರಿಸಿ, ಉಕ್ಕಿನ ಒಂದು ಚುಕ್ಕೆಯನ್ನು ಕೆಂಪಗೆ, ಹೆಚ್ಚು ಕಡಿಮೆ 900 ಡಿಗ್ರಿಗೆ ಕಾಯಿಸುತ್ತಾರೆ. ಆಮೇಲೆ ಟಾರ್ಚಿನ ಹಿಡಿ ಒತ್ತಿದರೆ ನಾಜಲ್ಲಿನ ನಡುತೂತಿನಿಂದ ಬರೀ ಆಕ್ಸಿಜನ್ ರಭಸದಿಂದ ನುಗ್ಗುತ್ತದೆ. ಆಗ ಉಕ್ಕು ತಾನೇ ಸೌದೆಯ ಹಾಗೆ ಹೊತ್ತಿ ಉರಿಯುತ್ತದೆ. ಉರಿದ ಕಿಟ್ಟವನ್ನು ಆ ರಭಸವೇ ಕೆಳಗೆ ತಳ್ಳುತ್ತದೆ. ಕೈ ನಡುಗದೆ ಎಳೆದುಕೊಂಡು ಹೋದರೆ ಅಂಗುಲ ದಪ್ಪದ ಉಕ್ಕು ಗರಗಸ ಹಾಕಿದಂತೆ ಸೀಳುತ್ತದೆ. ಬೀಡು ಕಬ್ಬಿಣ ಹಾಗೆ ಉರಿಯುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲೂ ಉರಿಯುವುದಿಲ್ಲ. ಗೇರ್‌ಬಾಕ್ಸಿನ ಬೀಡಿನ ಮನೆಗೆ ಟಾರ್ಚು ಹಿಡಿಯಲು ಹೋದರೆ ನಿಜವಾದ ಕೆಲಸಗಾರ ಬೇಡ ಅನ್ನುತ್ತಾನೆ. ಬೇಡ ಅನ್ನುವವನೇ ಕೆಲಸ ಬಲ್ಲವನು, ಇದನ್ನು ನೆನಪಿಡಿ.

ಹಿಟಾಚಿ, ಜೆಸಿಬಿಗಳ ಬಕೆಟ್ ಪಿನ್ನು ನೋಡಿ. ಅಡಿಕೆ ತೋಟಕ್ಕೆ ಕಪ್ಪು ಹೊಡೆಯುವಾಗ, ಗದ್ದೆ ಮಟ್ಟ ಮಾಡುವಾಗ ಅದಕ್ಕೆ ಗ್ರೀಸು ಹೋಗದೆ ಕೆಸರು ಹೋಗಿರುತ್ತದೆ. ತುಕ್ಕು ಹಿಡಿದು ಪಿನ್ನೂ ಬುಷ್ಷೂ ಒಂದಾಗಿ ಕೂತಿರುತ್ತವೆ. ಎಂಟು ಪೌಂಡಿನ ಸುತ್ತಿಗೆಯಲ್ಲಿ ಅರ್ಧ ದಿನ ಬಡಿದರೂ ಪಿನ್ನಿನ ತಲೆ ಅಣಬೆಯಾಗುತ್ತದೆ ಹೊರತು ಜಗ್ಗುವುದಿಲ್ಲ. ಗ್ಯಾಸಿನವನು ಬಡಿಯುವುದಕ್ಕೆ ಮೊದಲು ಯೋಚಿಸುತ್ತಾನೆ. ಹೊರಗಿನ ಬಳೆಯನ್ನು ಸುತ್ತ ಸಮನಾಗಿ ಕಾಯಿಸುತ್ತಾನೆ. ಬಳೆ ಹಿಗ್ಗುತ್ತದೆ, ಒಳಗಿನ ಪಿನ್ನು ಇನ್ನೂ ತಣ್ಣಗಿರುತ್ತದೆ, ಆ ಗಳಿಗೆಯಲ್ಲಿ ನಾಲ್ಕು ಏಟು. ಬರದಿದ್ದರೆ ಪಿನ್ನಿನ ನಡುವೆಯೇ ಉದ್ದಕ್ಕೂ ತೂತು ಸುಡುತ್ತಾನೆ. ಪಿನ್ನು ತಣ್ಣಗಾಗುತ್ತಾ ಒಳಕ್ಕೆ ಕುಗ್ಗಿ ತಾನಾಗಿ ಸಡಿಲವಾಗುತ್ತದೆ. ಇನ್ನು ಕೂತುಬಿಟ್ಟ ಬೇರಿಂಗಿನ ಹೊರಬಳೆಗೆ ಮಾಡುವ ಉಪಾಯ ಕಂಡರೆ ನೀವು ಕೈ ಮುಗಿಯಬೇಕು. ಕತ್ತರಿಸುವುದೇ ಇಲ್ಲ. ಬಳೆಯ ಒಳಮೈ ಸುತ್ತ ಒಂದು ಗೆರೆ ವೆಲ್ಡಿಂಗ್ ಎಳೆದು ಬೀಡಿ ಹಚ್ಚುತ್ತಾನೆ. ವೆಲ್ಡಿಂಗ್ ಆರುತ್ತಾ ಬಿಗಿದು ಬಳೆಯನ್ನು ಒಳಕ್ಕೆ ಎಳೆಯುತ್ತದೆ. ಬೀಡಿ ಮುಗಿಯುವ ಹೊತ್ತಿಗೆ ಬಳೆ ಕೈಯಲ್ಲಿ ಬರುತ್ತದೆ. ಇದನ್ನು ಯಾವ ಕಂಪನಿಯ ಕೈಪಿಡಿಯಲ್ಲೂ ನಾನು ಓದಿಲ್ಲ. ಕೈಪಿಡಿ ಕನ್ನಡದಲ್ಲಿ ಕೊಟ್ಟಿದ್ದರೆ ತಾನೇ ಓದುವುದು!

ಈ ಕೈಚಳಕ ಆಕಾಶದಿಂದ ಬಿದ್ದದ್ದಲ್ಲ. ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡು ಕಡಿದು ಸುಟ್ಟ ಇದ್ದಿಲು. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ನಷ್ಟದ ಕಾರ್ಖಾನೆಯನ್ನು ನಿಲ್ಲಿಸಿದರು. ಅಲ್ಲಿ ಬರೀ ಉಕ್ಕು ತಯಾರಾಗಲಿಲ್ಲ, ಉಕ್ಕಿನ ಕೆಲಸ ಬಲ್ಲ ಕೈಗಳೂ ತಯಾರಾದವು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ಮಗ ಬಿ.ಎಚ್. ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ, ಅಂಥ ಮನೆಗಳು ಈ ಊರಲ್ಲಿ ಎಷ್ಟು ಬೇಕು? ನಮ್ಮ ಕೇಜ್‌ವೀಲು, ಟ್ರೈಲರು, ಕಲ್ಟಿವೇಟರಿನ ಹಲ್ಲು ರಿಪೇರಿ ಮಾಡಿಕೊಟ್ಟದ್ದು ಆ ಅಂಗಡಿಗಳೇ. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ಊರಿನ ಕಾಗದ ಕಾರ್ಖಾನೆ 2015ರ ಸುಮಾರಿಗೇ ನಿಂತುಹೋಗಿತ್ತು. ಇದು ಕಾರ್ಮಿಕರ ಸಮಸ್ಯೆ, ನಮಗೇನು ಅಂತ ನಮ್ಮಲ್ಲಿ ಕೆಲವರು ಅಂದರು. ನಮಗೇನು ಅಂದರೆ, ಇನ್ನು 20 ವರ್ಷದ ಮೇಲೆ ನಿಮ್ಮ ಗದ್ದೆಗೆ ಟಾರ್ಚು ಹಿಡಿದು ಬರುವವನಿಗೆ ಕೆಲಸ ಕಲಿಸುವವರು ಯಾರು ಎಂಬುದೇ ಆ ಪ್ರಶ್ನೆ.

ಇನ್ನೊಂದು ವಿಪರೀತ ನೋಡಿ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯಲ್ಲಿ ಗಾಡಿಗಳ ಬಿಡಿಭಾಗಕ್ಕೆ ಎರಕ ಹೊಯ್ಯುವ ಫೌಂಡ್ರಿಗಳಿವೆ. ಎರಕ ನಮ್ಮ ಜಿಲ್ಲೆಯದು, ಬೆವರು ನಮ್ಮ ಹುಡುಗರದು. ನಾವು ಅಂಗಡಿಯಲ್ಲಿ ಬಿಡಿಭಾಗ ಕೇಳಿದರೆ ಮಾತ್ರ ದೂರದ ಡಿಪೋದಿಂದ ಕಂಪನಿಯ ಡಬ್ಬಿಯಲ್ಲಿ ಕೂತು ಬರಬೇಕು. ಡಬ್ಬಿಯ ಮೇಲೆ ಅಚ್ಚಾದ ಬೆಲೆಯನ್ನು ತೂಕಕ್ಕೆ ಭಾಗಿಸಿ ನೋಡಿ. ಕಬ್ಬಿಣಕ್ಕೆ ಎಷ್ಟು, ಡಬ್ಬಿಗೆ ಎಷ್ಟು ಅಂತ ನಿಮಗೇ ತಿಳಿಯುತ್ತದೆ.

ಹಿಂದೆ ಊರಿನ ಕಮ್ಮಾರ ಕುಲುಮೆಯಲ್ಲಿ ಕುಳ ಹಣಿದು ಕೊಡುತ್ತಿದ್ದ, ಕುಡುಗೋಲಿಗೆ ಕಕ್ಕು ಹಾಕುತ್ತಿದ್ದ. ಸುಗ್ಗಿಯಲ್ಲಿ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದೆವು. ಆಯದಲ್ಲಿ ಜಾತಿಯ ಏಣಿ ಇತ್ತು, ಕೆಳಗಿದ್ದವನಿಗೆ ಅನ್ಯಾಯ ಇತ್ತು, ಅದನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳುವವನು ನಾನಲ್ಲ. ಆದರೆ ಆಯ ಹೋಯಿತು ಅಂತ ನೀವು ತಿಳಿದಿದ್ದರೆ ಅದು ಭ್ರಮೆ. ಆಯ ಎಲ್ಲಿಗೂ ಹೋಗಿಲ್ಲ, ಪಡೆಯುವ ಮನೆ ಬದಲಾಗಿದೆ ಅಷ್ಟೆ. ಈಗ ಪ್ರತಿ ಸುಗ್ಗಿಗೂ ಕಂಪನಿಗೆ ಆಯ ಅಳೆಯುತ್ತೇವೆ, ಅದೂ ಅವರು ಹೇಳಿದ ಕೊಳಗದಲ್ಲಿ.

ಈಗ ಸಾಲದ ಲೆಕ್ಕಕ್ಕೆ ಬನ್ನಿ. ನಿಮ್ಮೂರಿನ ಒಬ್ಬ ಹುಡುಗ 25 ಲಕ್ಷ ಸಾಲ ಮಾಡಿ ಕೊಯ್ಯುವ ಮಿಷನ್ ತಂದ ಅಂತ ಇಟ್ಟುಕೊಳ್ಳಿ. ಬಡ್ಡಿ ಶೇಕಡ 12 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿಯೇ 3 ಲಕ್ಷ. ದಿನಕ್ಕೆ 822 ರೂಪಾಯಿ ಬಿತ್ತು, ಭಾನುವಾರ, ಹಬ್ಬ, ಅಮಾವಾಸ್ಯೆ ಎಲ್ಲ ಸೇರಿ. ಆರು ದಿನ ಪಾರ್ಟಿಗೆ ಕಾದರೆ 4,932 ರೂಪಾಯಿ ಬಡ್ಡಿ ಗದ್ದೆಯಲ್ಲಿ ನಿಂತ ಕಬ್ಬಿಣಕ್ಕೆ ಕಟ್ಟಿದಂತೆ. ಅದು ಸಣ್ಣ ಲೆಕ್ಕ. ದೊಡ್ಡ ಲೆಕ್ಕ ಬೇರೆ ಇದೆ. ಅವನ ದುಡಿಮೆ ವರ್ಷಕ್ಕೆ ಎರಡು ಸುಗ್ಗಿ, ಒಂದೊಂದು ಮೂರು ನಾಲ್ಕು ವಾರ. ಅದರಲ್ಲಿ ಆರು ದಿನ ಹೋದರೆ ಕಂತಿನ ಬಹುಪಾಲು ಹೋಯಿತು. ಆರು ಲಕ್ಷದ ಟ್ರ್ಯಾಕ್ಟರ್ ಸಾಲಕ್ಕೂ ಇದೇ ದರದಲ್ಲಿ ದಿನಕ್ಕೆ 197 ರೂಪಾಯಿ. ಬ್ಯಾಂಕಿನವನ ಪುಸ್ತಕದಲ್ಲಿ 'ಪಿನ್ನು ಮುರಿದ ದಿನ' ಅಂತ ಒಂದು ಕಾಲಂ ಇದೆಯೇ? ಕಂತು ತಪ್ಪಿದ ದಿನಕ್ಕೆ ಮಾತ್ರ ಕಾಲಂ ಇದೆ.

ಗದ್ದೆಯವನ ಲೆಕ್ಕವೂ ಇರಲಿ. ನಾಲ್ಕು ಎಕರೆ, ಎಕರೆಗೆ 20 ಕ್ವಿಂಟಾಲ್ ಹಿಡಿಯಿರಿ. 2025-26ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಅದು ಪೂರ್ತಿ ಸಿಕ್ಕಿತು ಅಂತಲೇ ಹಿಡಿಯಿರಿ (ನಗಬೇಡಿ). 80 ಕ್ವಿಂಟಾಲಿಗೆ 1,89,520. ಮಿಷನ್ ತಡವಾಗಿ, ಮಳೆ ಬಂದು, ಹತ್ತರಲ್ಲಿ ಒಂದು ಪಾಲು ಉದುರಿದರೆ 18,952 ರೂಪಾಯಿ ಮಣ್ಣುಪಾಲು. ಒದ್ದೆ ಭತ್ತಕ್ಕೆ ಮಂಡಿಯವನು ಮುರಿಯುವ ಬೆಲೆ ಬೇರೆ. ಬೆಂಬಲ ಬೆಲೆ ಕಟ್ಟುವ ದೆಹಲಿಯ ಆಯೋಗದ ಲೆಕ್ಕದಲ್ಲಿ ಬಾಡಿಗೆ ಮಿಷನ್ನಿನ ಖರ್ಚಿದೆ, ಸಲಕರಣೆಯ ಸವಕಳಿ ಇದೆ. ಕಾದ ದಿನದ ನಷ್ಟ ಇಲ್ಲ. ಸ್ವಾಮಿನಾಥನ್ ಆಯೋಗ ಉತ್ಪಾದನಾ ವೆಚ್ಚದ ಮೇಲೆ ಶೇಕಡ 50 ಸೇರಿಸಿ ಎಂದಿತು, ರೈತರು ಕೇಳುವುದು ಜಮೀನಿನ ಗೇಣಿ, ಬಂಡವಾಳದ ಬಡ್ಡಿ ಎಲ್ಲ ಸೇರಿದ ಸಿ2 ವೆಚ್ಚದ ಮೇಲೆ. 2018ರಲ್ಲಿ ಸರ್ಕಾರ ಒಂದೂವರೆ ಪಟ್ಟು ಕೊಟ್ಟೆವು ಅಂದದ್ದು ಎ2 ಮತ್ತು ಮನೆಯವರ ದುಡಿಮೆಯ ಮೇಲೆ. ಮಿಷನ್ ಸಾಲದ ಬಡ್ಡಿ ಕಟ್ಟುವವನಿಗೆ ಈ ಎರಡು ಅಕ್ಷರಗಳ ನಡುವಿನ ವ್ಯತ್ಯಾಸ ಏನು ಅಂತ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ.

ಸಹಾಯಧನದ ಮಾತು. 2014-15ರಿಂದ ಕೇಂದ್ರದ್ದು ಯಾಂತ್ರೀಕರಣ ಉಪಯೋಜನೆ, ರಾಜ್ಯದ್ದು ಕೃಷಿ ಯಂತ್ರಧಾರೆ. ಹೋಬಳಿಗೊಂದು ಬಾಡಿಗೆ ಕೇಂದ್ರ, ರೈತನಿಗೆ ಮಿಷನ್ ಕೊಳ್ಳಲು ರಿಯಾಯಿತಿ. ಬೇಡ ಅನ್ನುವುದಿಲ್ಲ. ಆದರೆ ಒಂದು ಪ್ರಶ್ನೆ: ಆ ದುಡ್ಡು ಯಾರ ಕೈ ಸೇರುತ್ತದೆ? ಹೊಸ ಮಿಷನ್ ಕೊಂಡರೆ ಸಹಾಯಧನ, ಹಳೆಯದನ್ನು ರಿಪೇರಿ ಮಾಡಿಸಿದರೆ ಒಂದು ಪೈಸೆ ಇಲ್ಲ. ಪಟ್ಟಿಯಲ್ಲಿರುವ ಕಂಪನಿಯ ಮಾಲನ್ನೇ ಕೊಳ್ಳಬೇಕು, ಪಟ್ಟಿಯ ಬೆಲೆಗೇ ಕೊಳ್ಳಬೇಕು. ಭದ್ರಾವತಿಯ ವೆಲ್ಡಿಂಗ್ ಅಂಗಡಿಯವನು ಅದಕ್ಕಿಂತ ಗಟ್ಟಿಯಾದ ಕೇಜ್‌ವೀಲು ಕಡಿಮೆ ಬೆಲೆಗೆ ಮಾಡಿದರೂ ಅವನು ಪಟ್ಟಿಯಲ್ಲಿಲ್ಲ. ರೈತನ ಹೆಸರಿನಲ್ಲಿ ಹೊರಟ ದುಡ್ಡು ರೈತನ ಅಂಗಳದಲ್ಲಿ ಒಂದು ಸುತ್ತು ಹಾಕಿ ಕಂಪನಿಯ ಮನೆಗೆ ಹೋಗಿ ಮಲಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರು ಮತ್ತು ಬಿಡಿಭಾಗದ್ದು 18ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ. ಹಾಗಾದರೆ ಅದಕ್ಕೆ ಮೊದಲಿನ ಎಂಟು ವರ್ಷ, 10,000 ರೂಪಾಯಿ ಮಾಲಿಗೆ 1,800 ತೆರಿಗೆ ಕಟ್ಟಿದವರು ಯಾರು? ವ್ಯಾಪಾರಿ ಕಟ್ಟಿದ ತೆರಿಗೆ ಅವನ ಲೆಕ್ಕದಲ್ಲಿ ವಜಾ ಆಗುತ್ತದೆ. ಭತ್ತ ಮಾರುವ ನಮಗೆ ವಜಾ ಇಲ್ಲ. ಇಳಿದದ್ದು ಬಿಲ್ಲಿನಲ್ಲಿ ಇಳಿದಿದೆಯೋ, ಮೂಲ ಬೆಲೆಯಲ್ಲಿ ಏರಿ ಕೂತಿದೆಯೋ ನೋಡಿ. ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಜೋಪಾನ ಮಾಡಿ ಅಕ್ಕಪಕ್ಕ ಇಟ್ಟು ಓದಿ. ಬಿಲ್ಲೇ ಕೇಳದೆ ಬರುವವರು ನಮ್ಮಲ್ಲಿ ಇನ್ನೂ ಇದ್ದಾರಲ್ಲ, ಅವರಿಗೆ ಏನು ಹೇಳಲಿ!

ಮುಂದೆ ಬರುತ್ತಿರುವುದು ಇದಕ್ಕಿಂತ ಕೆಟ್ಟದ್ದು. ಮುರಿದ ಪಿನ್ನು ಕಣ್ಣಿಗೆ ಕಾಣುತ್ತದೆ, ಟಾರ್ಚು ಅದನ್ನು ಮುಟ್ಟುತ್ತದೆ. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದಿದೆ. ಹೊಗೆ ಕಡಿಮೆಯಾಗಲಿ, ನಮ್ಮ ಮಕ್ಕಳೂ ಅದೇ ಗಾಳಿ ಕುಡಿಯುವುದು. ಆದರೆ ಅದರ ಜೊತೆಗೆ ಡೀಸೆಲ್ ಪಂಪಿನ ಜಾಗಕ್ಕೆ ಎಲೆಕ್ಟ್ರಾನಿಕ್ ಡಬ್ಬಿ ಬಂತು. ಒಂದು ಸೆನ್ಸಾರ್ ಕೆಟ್ಟರೆ ಎಂಜಿನ್ ಸೊರಗುತ್ತದೆ, ಯಾಕೆ ಎಂದು ತಿಳಿಯಲು ಕಂಪನಿಯ ಲ್ಯಾಪ್‌ಟಾಪೇ ಬರಬೇಕು. ಕಬ್ಬಿಣಕ್ಕೆ ಹಾಕಿದ ಬೀಗವನ್ನು ಟಾರ್ಚು ಕತ್ತರಿಸುತ್ತದೆ. ಈ ಬೀಗವನ್ನು ಯಾವ ಗ್ಯಾಸಿನಿಂದ ಕತ್ತರಿಸುತ್ತೀರಿ?

ಅಮೆರಿಕದ ರೈತ ನಮಗಿಂತ ಮುಂಚೆ ಈ ಬಲೆಗೆ ಬಿದ್ದ. ಸಾವಿರಾರು ಎಕರೆಯ ಯಜಮಾನ, ಕೋಟಿ ಬೆಲೆಯ ಮಿಷನ್ನಿನ ಒಡೆಯ, ಸೆನ್ಸಾರಿನ ದೋಷ ಅಳಿಸಲು ಡೀಲರನ ಬಾಗಿಲಲ್ಲಿ ನಿಂತ. ಅವನು ಸುಮ್ಮನಿರಲಿಲ್ಲ. ಕೊಲರಾಡೊ ರಾಜ್ಯದಲ್ಲಿ ಕೃಷಿ ಯಂತ್ರ ರಿಪೇರಿಯ ಹಕ್ಕಿನ ಕಾಯಿದೆ 2023ರಲ್ಲಿ ಆಯಿತು, 2024ರ ಜನವರಿ 1ರಿಂದ ಜಾರಿಗೆ ಬಂತು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗವೇ ಜಾನ್ ಡಿಯರ್ ಕಂಪನಿಯ ಮೇಲೆ, ರಿಪೇರಿಯನ್ನು ತನ್ನ ಡೀಲರುಗಳ ಮುಷ್ಟಿಯಲ್ಲಿಟ್ಟುಕೊಂಡಿದೆ ಎಂದು ದಾವೆ ಹೂಡಿತು. ನಮ್ಮಲ್ಲಿ? 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಕೃಷಿ ಸಲಕರಣೆ, ಮೊಬೈಲು, ಮನೆಬಳಕೆ ವಸ್ತು, ವಾಹನ ಎಂದು ನಾಲ್ಕು ವಿಭಾಗ. ಕೃಷಿ ಸಲಕರಣೆಯ ಹೆಸರೇ ಮೊದಲು ಬರೆದರು. ಆ ಡಿಸೆಂಬರಿನಲ್ಲಿ ಒಂದು ವೆಬ್‌ಸೈಟೂ ಆಯಿತು. ಕಂಪನಿಗಳು ತಾವಾಗಿ ಬಂದು ಅದರಲ್ಲಿ ಮಾಹಿತಿ ಹಾಕಬೇಕಂತೆ. ತೋಳ ತಾನಾಗಿ ಬಂದು ಕುರಿಹಟ್ಟಿಗೆ ಬೇಲಿ ಕಟ್ಟಿಕೊಡುತ್ತದೆ ಅಂತ ಕಾಯುತ್ತಾ ಕೂರೋಣವೇ?

ಕಂಪನಿಯವರ ವಾದವನ್ನೂ ಕೇಳಿಬಿಡೋಣ. ಕಂಡಕಂಡವರು ಗ್ಯಾಸ್ ಹಿಡಿದರೆ ಅಪಘಾತ ಆಗುತ್ತದೆ ಅನ್ನುತ್ತಾರೆ. ಅರ್ಧ ನಿಜ. ಸ್ಟೀರಿಂಗಿನ ಕೊಂಡಿ, ಬ್ರೇಕಿನ ಭಾಗ, ಟ್ರೈಲರಿನ ಹುಕ್ಕು ಇವನ್ನು ಗದ್ದೆಯಲ್ಲಿ ಮುರುಕು ವೆಲ್ಡಿಂಗ್ ಮಾಡಿ ಕಬ್ಬಿನ ಲೋಡು ಎಳೆಯುವುದು ತಪ್ಪು, ಅದಕ್ಕೆ ಹೊಸದೇ ಹಾಕಬೇಕು. ಒಪ್ಪಿದೆ. ಆದರೆ ಅಪಘಾತ ತಪ್ಪಿಸಬೇಕಾದರೆ ಹುಡುಗರಿಗೆ ಕಲಿಸಿ, ಕೈಪಿಡಿ ಕೊಡಿ, ಪಾರ್ಟು ಕೊಡಿ. ಯಾವುದನ್ನೂ ಕೊಡದೆ ಅಪಾಯ ಅಪಾಯ ಅನ್ನುವುದು ಬಾವಿಗೆ ಬೀಗ ಹಾಕಿ ಕೊಳೆತ ನೀರು ಕುಡಿಯಬೇಡಿ ಅಂದಂತೆ.

ಈ ವಿಷಯದಲ್ಲಿ ನಮ್ಮನ್ನೂ ಬೈಯಬೇಕಾಗಿದೆ. ಕಂಪನಿಯ ಬಿಲ್ಲು 14,000 ಬಂದರೆ ತುಟಿ ಪಿಟಕ್ಕೆನ್ನದೆ ಕಟ್ಟುತ್ತೀರಿ. ಬೆಂಕಿಯ ಮುಂದೆ ಎರಡು ಗಂಟೆ ಕೂತವನು 1,500 ಕೇಳಿದರೆ "ಏನಪ್ಪಾ, ಚಿನ್ನ ಕತ್ತರಿಸಿದೆಯಾ" ಅಂತೀರಿ. ಸುಗ್ಗಿ ಮುಗಿಯಲಿ, ಅಡಿಕೆ ಮಾರಲಿ ಅಂತ ಸಾಲ ಹೇಳುತ್ತೀರಿ. ನಮಗೆ ಮಂಡಿಯವನು ಮಾಡಿದ್ದನ್ನೇ ನಾವು ಅವನಿಗೆ ಮಾಡುತ್ತೇವೆ. ಅವನ ಕಣ್ಣಿಗೆ ಕಪ್ಪು ಕನ್ನಡಕ ಇದೆಯೋ ಇಲ್ಲವೋ ಯಾರು ನೋಡಿದಿರಿ? ಕೈಗೆ ಚರ್ಮದ ಗ್ಲೌಸ್ ಇಲ್ಲದೆ, ಹವಾಯಿ ಚಪ್ಪಲಿಯಲ್ಲಿ ಕಿಡಿ ತುಳಿಯುತ್ತಾ ಕೆಲಸ ಮಾಡುವ ಹುಡುಗ ಯಾರ ಮನೆಯವನು?

ಆದ್ದರಿಂದ ಮಿಷನ್ ನಿಂತಾಗ ಗದ್ದೆಯ ಯಜಮಾನನೂ ಕೆಲವು ತಿಳಿದಿರಬೇಕು, ಎಲ್ಲ ಅವನ ತಲೆಗೆ ಕಟ್ಟಬೇಡಿ. ಟಾರ್ಚು ಹಚ್ಚುವ ಮೊದಲು ಸುತ್ತಲಿನ ಹುಲ್ಲು ಎಳೆದು ಹಾಕಿ, ನೆಲಕ್ಕೆ ನೀರು ಎರಚಿ, ನಾಲ್ಕು ಬಿಂದಿಗೆ ನೀರು, ಒಂದು ಬುಟ್ಟಿ ಮರಳು ಹತ್ತಿರ ಇಡಿ. ಮಿಷನ್ನಿನ ಹೊಟ್ಟೆಯೊಳಗೆ ಸಿಕ್ಕಿದ ಹೊಟ್ಟನ್ನು ಮೊದಲು ಬಳಿಯಿರಿ. ಕಿಡಿ ಅಲ್ಲಿ ಹೋಗಿ ಕೂತರೆ ಎಲ್ಲರೂ ಊಟಕ್ಕೆ ಹೋದಮೇಲೆ ಹೊಗೆಯಾಡುತ್ತದೆ. ಎತ್ತಿದ ಬಕೆಟ್ಟು, ಎತ್ತಿದ ಕಟರ್ ಬಾರಿನ ಕೆಳಗೆ ದಿಮ್ಮಿ ಕೊಡದೆ ಯಾರನ್ನೂ ತೂರಿಸಬೇಡಿ. ಹೈಡ್ರಾಲಿಕ್ ಜಾಕಿನೊಳಗೆ ಒತ್ತಡ ಇರುವಾಗ ಅದಕ್ಕೆ ಉರಿ ತಾಗಿಸಬಾರದು. ಟೈರು ಕೂತಿರುವ ರಿಮ್ಮನ್ನು ಕಾಯಿಸಲೇಬಾರದು, ಗಾಳಿ ಬಿಟ್ಟಿದ್ದರೂ ಬಾರದು. ಒಳಗೆ ರಬ್ಬರು ಕಾದು ಗ್ಯಾಸು ಕಟ್ಟಿ ಬಾಂಬಿನಂತೆ ಸಿಡಿಯುತ್ತದೆ. ಖಾಲಿ ಡೀಸೆಲ್ ಡ್ರಮ್ಮು ಖಾಲಿಯಲ್ಲ, ಅದರೊಳಗೆ ಆವಿ ಇದೆ. ಆಕ್ಸಿಜನ್ ಸಿಲಿಂಡರಿನ ಬಾಯಿಗೆ, ಮೀಟರಿಗೆ ಎಣ್ಣೆ ಗ್ರೀಸಿನ ಕೈ ತಾಗಬಾರದು, ಆಕ್ಸಿಜನ್ನಿನ ಒತ್ತಡಕ್ಕೆ ಗ್ರೀಸು ತಾನಾಗಿ ಹೊತ್ತುತ್ತದೆ. ಮಿಷನ್ ಕೆಲಸದಲ್ಲಿ ಗ್ರೀಸು ಇಲ್ಲದ ಕೈ ಎಲ್ಲಿದೆ ಹೇಳಿ, ಅದಕ್ಕೇ ಸೋಪು ನೀರು ಜೊತೆಗಿರಲಿ. ಅಸಿಟಿಲೀನ್ ಸಿಲಿಂಡರನ್ನು ಮಲಗಿಸಿ ಬಳಸಬಾರದು, ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿಯಿರಿ. ಸತು ಬಳಿದ ತಗಡು ಸುಡುವಾಗ ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಹೊಸ ಎಲೆಕ್ಟ್ರಾನಿಕ್ ಮಿಷನ್ನಿಗೆ ಕರೆಂಟ್ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ವಯರೂ ಆ ಡಬ್ಬಿಯ ವಯರೂ ಬಿಚ್ಚಿಸಿ, ಇಲ್ಲದಿದ್ದರೆ ಪಿನ್ನು ಕೂಡಿಸಲು ಹೋಗಿ ಡಬ್ಬಿ ಸುಟ್ಟೀತು.

2021ರ ಏಪ್ರಿಲ್ ನೆನಪಿದೆಯಾ? ಕೊರೊನಾದ ಎರಡನೇ ಅಲೆಯಲ್ಲಿ ಉಸಿರಿಗೆ ಆಕ್ಸಿಜನ್ ಸಾಲದೆ ಕೇಂದ್ರ ಸರ್ಕಾರ ಕೆಲವು ಬಿಟ್ಟು ಉಳಿದ ಕೈಗಾರಿಕೆಗಳಿಗೆ ಅದರ ಸರಬರಾಜು ನಿಲ್ಲಿಸಿತು. ಜೀವ ಮೊದಲು, ಸರಿಯಾಗಿಯೇ ಮಾಡಿತು. ನಾನು ಹೇಳುವುದು ಬೇರೆ. ಬೇಸಿಗೆ ಭತ್ತದ ಕೊಯ್ಲಿನ ಹೊತ್ತಿಗೇ ಗ್ಯಾಸಿನವನ ಸಿಲಿಂಡರು ಬರಿದಾಯಿತು. ನಮ್ಮ ಕೊಯ್ಲು ಎಷ್ಟು ತೆಳ್ಳನೆ ದಾರದಲ್ಲಿ ತೂಗುತ್ತಿದೆ ಎಂದು ಆಗ ಕಂಡಿತು. ಸರ್ಕಾರದ ಯಾವ ಕೃಷಿ ಯೋಜನೆಯಲ್ಲೂ ಆ ದಾರದ ಹೆಸರು ಇಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಜಿಲ್ಲೆಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1980ರಲ್ಲಿ ರೈತ ಸಂಘ ಹುಟ್ಟಿದ್ದು ಇಲ್ಲಿ. ಎಚ್.ಎಸ್. ರುದ್ರಪ್ಪನವರು, ಎನ್.ಡಿ. ಸುಂದರೇಶ್ ಅವರು ಓಡಾಡಿದ್ದು ಇದೇ ಹಳ್ಳಿಗಳಲ್ಲಿ. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಊರ ಬಾಗಿಲಿಗೆ ಬೋರ್ಡು ಹಾಕಿದೆವು. ಜಪ್ತಿ ಮಾಡಿದ್ದನ್ನು ಮರುಜಪ್ತಿ ಮಾಡಿ ತಂದೆವು. ಅಂದು ಟ್ರ್ಯಾಕ್ಟರನ್ನು ಎಳೆದುಕೊಂಡು ಹೋಗಲು ಜೀಪು ಬರುತ್ತಿತ್ತು, ಅಡ್ಡ ನಿಲ್ಲಬಹುದಿತ್ತು. ಇಂದು ಟ್ರ್ಯಾಕ್ಟರು ನಮ್ಮ ಕೊಟ್ಟಿಗೆಯಲ್ಲೇ ಇದ್ದು ಬೇರೆಯವರ ವಶದಲ್ಲಿರುತ್ತದೆ. ಇದಕ್ಕೆ ಅಡ್ಡ ನಿಲ್ಲುವ ರೀತಿ ಬೇರೆ.

ಪ್ರತಿ ಪ್ರಾಥಮಿಕ ಸಹಕಾರ ಸಂಘ ಒಂದು ಗ್ಯಾಸ್ ಕಟಿಂಗ್ ಸೆಟ್ಟು, ಒಂದು ವೆಲ್ಡಿಂಗ್ ಜನರೇಟರು, ಉರಿ ಪೈಪಿನೊಳಗೆ ಹಿಂದಕ್ಕೆ ನುಗ್ಗದಂತೆ ತಡೆಯುವ ವಾಲ್ವು, ಎರಡು ಜೊತೆ ಕನ್ನಡಕ ಇಡಬೇಕು. ಒಂದು ಹೊಸ ಟ್ರ್ಯಾಕ್ಟರಿನ ಬೆಲೆಯಲ್ಲಿ ಇಂಥ ಕೆಲವು ಸೆಟ್ಟು ಬರುತ್ತದೆ. ಕೆಲಸಕ್ಕೆ ಊರಿನ ಐಟಿಐ ಹುಡುಗ ಇರಲಿ, ಅವನಿಗೆ ವಿಮೆ ಸಂಘವೇ ಕಟ್ಟಲಿ, ಕೂಲಿ ಕಣದಲ್ಲೇ ಸಲ್ಲಲಿ. ಯಂತ್ರಧಾರೆಯ ದುಡ್ಡಿನಲ್ಲಿ ರಿಪೇರಿಗೆ ಒಂದು ಪಾಲು ಮೀಸಲಾಗಲಿ, ಸ್ಥಳೀಯ ಅಂಗಡಿಯ ಕೆಲಸಕ್ಕೂ ಅದು ಸಿಗಲಿ. ಮುರಿದು ನಿಂತ ಮಿಷನ್ನಿಗೆ ಪಾರ್ಟು ಇಂತಿಷ್ಟು ದಿನದೊಳಗೆ ಕೊಡದಿದ್ದರೆ ಅಲ್ಲಿಂದ ಮುಂದಿನ ಬಡ್ಡಿ ಕಂಪನಿಯ ತಲೆಗೆ ಬೀಳಬೇಕು. ಈ ಒಂದು ಮಾತಿಗೆ ಅವರು ಬೆಚ್ಚಿಬೀಳುತ್ತಾರೆ ನೋಡಿ, ನಾಳೆಯೇ ಪಾರ್ಟು ಬರುತ್ತದೆ!

ಮಿಷನ್ ಕೊಳ್ಳುವ ಮನೆಯವರಿಗೆ ಒಂದು ಮಾತು. ಮುಂಗಡ ಕೊಡುವ ಮೊದಲು ನಿಮ್ಮ ಬಲ ನಿಮ್ಮ ಕೈಯಲ್ಲಿದೆ, ಕೊಟ್ಟಮೇಲೆ ಇಲ್ಲ. ಆಗಲೇ ಕೇಳಿ: ಬಿಡಿಭಾಗದ ಬೆಲೆಪಟ್ಟಿ ಎಲ್ಲಿ, ಪಿನ್ನು ಬುಷ್ಷು ಬಿಡಿಯಾಗಿ ಕೊಡುತ್ತೀರಾ, ಎಷ್ಟು ವರ್ಷ ಕೊಡುತ್ತೀರಾ, ಎಲೆಕ್ಟ್ರಾನಿಕ್ ದೋಷ ಓದುವ ಉಪಕರಣ ಹೊರಗಿನ ಮೆಕ್ಯಾನಿಕ್ಕಿಗೆ ಸಿಗುತ್ತದಾ. ಬಾಯಿಮಾತು ಬೇಡ, ಲೆಟರ್‌ಹೆಡ್ಡಿನಲ್ಲಿ ಬರೆಸಿ ಸೀಲು ಹಾಕಿಸಿಕೊಳ್ಳಿ. ಬರೆದುಕೊಡದ ಅಂಗಡಿಯ ಹೆಸರನ್ನು ಊರ ಸಂಘದ ಸಭೆಯಲ್ಲಿ ಓದಿ ಹೇಳಿ.

ನಿಮ್ಮ ಸೊಸೈಟಿಯ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ಆಗಲೇಬೇಕು. ನೋಟೀಸು ಬಂದ ದಿನವೇ ಕಾರ್ಯದರ್ಶಿಗೆ ಲಿಖಿತವಾಗಿ ಈ ವಿಷಯ ಕೊಟ್ಟು, ಸ್ವೀಕೃತಿ ಬರೆಸಿಕೊಂಡು ಬನ್ನಿ. ಸಭೆಯ ದಿನ ತಿಂಡಿ ತಿಂದು ಎದ್ದು ಹೋಗಬೇಡಿ, ನಿರ್ಣಯ ಪುಸ್ತಕದಲ್ಲಿ ಬರೆದು ಸಹಿಯಾಗುವ ತನಕ ಕೂತಿರಿ. ಆದ ನಿರ್ಣಯದ ಒಂದು ಪ್ರತಿ ಈ ಪತ್ರಿಕೆಗೆ ಕಳಿಸಿ. ಮಿಷನ್ ಎಷ್ಟು ದಿನ ನಿಂತಿತು, ಯಾವ ಭಾಗ ಮುರಿಯಿತು, ಕಂಪನಿ ಎಷ್ಟು ಕೇಳಿತು, ಗದ್ದೆಯಲ್ಲಿ ಎಷ್ಟರಲ್ಲಿ ಮುಗಿಯಿತು ಎಂಬ ವಿವರವನ್ನು ಬಿಲ್ಲಿನ ನಕಲಿನೊಂದಿಗೆ ಸೇರಿಸಿ ಕಳಿಸಿ. ಸುಗ್ಗಿಗೆ ಮೊದಲು ಅವನ್ನೆಲ್ಲ ಕಟ್ಟುಕಟ್ಟಿ ಶಿವಮೊಗ್ಗದ ಜಿಲ್ಲಾಧಿಕಾರಿ ಕಚೇರಿಗೆ ನಾವೇ ಹೊತ್ತುಕೊಂಡು ಹೋಗೋಣ.